ವಾಷಿಂಗ್ ಮಷೀನ್ ಬಂದ ಮೇಲೆ ಕರೆಂಟ್ ಬಿಲ್ ಜಾಸ್ತಿ ಬರುತ್ತಿದೆ, ಕಡಿಮೆ ಮಾಡುವುದು ಹೇಗೆ?

ಮೊದಲು ಯಾವ ಬಿಸಿಗೆ ಇಟ್ಟಿದ್ದೀರಿ ನೋಡಿ. ಫ್ರಂಟ್ ಲೋಡ್‌ನಲ್ಲಿ ಕರೆಂಟ್ ತಿನ್ನುವುದು ಮೋಟಾರಿಗಿಂತ ಒಳಗಿನ ಹೀಟರ್. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.6 ಯೂನಿಟ್ ಬೇಕು, 40ಕ್ಕೇ ನಿಲ್ಲಿಸಿದರೆ ಅದರ ಅರ್ಧವೂ ಬೇಡ, ತಣ್ಣೀರಾದರೆ ಆ ಖರ್ಚೇ ಇಲ್ಲ. ದಿನಾ ಹಾಕುವ ಬಟ್ಟೆಗೆ ತಣ್ಣೀರು ಸಾಕು ಅಲ್ವಾ? ಬಿಸಿನೀರು ಹಾಸಿಗೆ ಬಟ್ಟೆಗೆ, ಜಿಡ್ಡು ಹಿಡಿದ ಅಡುಗೆಮನೆ ಬಟ್ಟೆಗೆ ಇರಲಿ.

ಎರಡು ಅಂಗಿಗೋಸ್ಕರ ಸುಮ್ನೆ ಮಷೀನ್ ಹಾಕಬೇಡಿ. ಡ್ರೈಯರ್ ಮಳೆಗಾಲಕ್ಕೆ ಮಾತ್ರ, ಅದಕ್ಕೂ ಮೊದಲು ಸ್ಪಿನ್ ವೇಗ ಜಾಸ್ತಿ ಇಡಿ, ಯಾಕಂದರೆ ನೀರನ್ನು ಹಿಂಡಿ ತೆಗೆಯುವುದು ಬಿಸಿ ಮಾಡಿ ಆರಿಸುವುದಕ್ಕಿಂತ ಎಷ್ಟೋ ಅಗ್ಗ.

ಟಾಪ್ ಲೋಡ್‌ನಲ್ಲಿ ಹೆಚ್ಚಿನವಕ್ಕೆ ಹೀಟರ್ ಇರುವುದಿಲ್ಲ. ಆದರೆ ಗೀಸರ್ ನೀರು ಬಿಡುತ್ತಿದ್ದರೆ ಕಥೆ ಅದೇ.