ಬೀರುವಿನ ಕೀಲಿ ಯಾರ ಹತ್ತಿರ?

(ಮದುವೆಯಾಗದೆ ತಾಯಂದಿರಾದವರಿಗಾಗಿ ಕ್ಯಾಥೊಲಿಕ್ ಸಿಸ್ಟರ್‌ಗಳು ಐರ್ಲೆಂಡಿನ ಟೂಅಮ್ ಊರಿನಲ್ಲಿ ನಡೆಸಿದ ತಾಯಿ-ಮಕ್ಕಳ ಆಶ್ರಮದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಮಂಗಳೂರಿನ ನಿವೃತ್ತ ಶಿಕ್ಷಕಿಯೊಬ್ಬರು ಆರು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಅವರ ಮಾತಿನ ಸಾರ ಇಷ್ಟು: "ಲೇಖನ ಓದಿ ಎರಡು ದಿನ ಊಟ ಸೇರಲಿಲ್ಲ. ಆದರೆ 796 ಮಕ್ಕಳ ಅಸ್ಥಿಪಂಜರ ಸಿಕ್ಕಿತು ಅಂತ ಬರೆದಿದ್ದೀರಿ, ಅದು ತಪ್ಪು. ಕೆಲವರು ಮಾಡಿದ ಪಾಪಕ್ಕೆ ಇಡೀ ಕ್ಯಾಥೊಲಿಕ್ ಧರ್ಮಸಭೆಯನ್ನು ಕಟಕಟೆಯಲ್ಲಿ ನಿಲ್ಲಿಸುತ್ತೀರಿ. ಇಂಥ ಪಾಪ ಎಲ್ಲ ಕಡೆ ಇಲ್ಲವಾ? ಶಾಲೆ, ಆಸ್ಪತ್ರೆ ಕಟ್ಟಿದವರು ಯಾರು? 2008ರಲ್ಲಿ ನಮ್ಮ ಇಗರ್ಜಿಗಳ ಮೇಲೆ ಕಲ್ಲು ಬಿದ್ದಿತ್ತು. ನಿಮ್ಮ ಲೇಖನ ಯಾರ ಕೈಗೆ ಇನ್ನೊಂದು ಕಲ್ಲು ಕೊಡುತ್ತದೆ ಅಂತ ಯೋಚಿಸಿದ್ದೀರಾ?")

ಟೀಚರ್, ನಮಸ್ಕಾರ.

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನೀವು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಳಿಸಿದ ಸಾಲು ತಪ್ಪೇ. 796 ಅನ್ನುವುದು ಸಿಕ್ಕ ಅಸ್ಥಿಪಂಜರಗಳ ಲೆಕ್ಕ ಅಲ್ಲ. 1925ರಿಂದ 1961ರವರೆಗೆ ನಡೆದ ಆ ಆಶ್ರಮದಲ್ಲಿ ತೀರಿಕೊಂಡ ಮಕ್ಕಳ ಮರಣ ಪ್ರಮಾಣಪತ್ರಗಳ ಲೆಕ್ಕ. ಕ್ಯಾಥರೀನ್ ಕಾರ್ಲೆಸ್ ಅನ್ನುವ ಅಲ್ಲಿನ ಇತಿಹಾಸಕಾರ್ತಿ ಕೈಯಿಂದ ದುಡ್ಡು ಹಾಕಿ ಆ ಪ್ರಮಾಣಪತ್ರಗಳನ್ನು ತೆಗೆಸಿದರು. ಆಮೇಲೆ ಇಷ್ಟು ಮಕ್ಕಳನ್ನು ಹೂಳಿದ್ದೆಲ್ಲಿ ಅಂತ ಸ್ಮಶಾನದ ಪುಸ್ತಕ ಹುಡುಕಿದರು. ಪುಸ್ತಕದಲ್ಲಿ ಆ ಮಕ್ಕಳು ಇರಲಿಲ್ಲ. ನೆಲದಡಿಯ ಕೋಣೆಗಳಲ್ಲಿ ಮಕ್ಕಳ ಅವಶೇಷ ಸಾಕಷ್ಟಿದೆ ಅಂತ ಸರ್ಕಾರಿ ಆಯೋಗ 2017ರಲ್ಲಿ ಹೇಳಿತು. ಎಷ್ಟು ಮಕ್ಕಳದ್ದು ಅಂತ ಹೇಳಲಿಲ್ಲ. ಪೂರ್ತಿ ಅಗೆಯುವ ಕೆಲಸ ಶುರುವಾಗಿದ್ದೇ 2025ರ ಜುಲೈನಲ್ಲಿ. ತಿದ್ದುಪಡಿಯನ್ನು ಇದೇ ಸಂಚಿಕೆಯಲ್ಲಿ, ಲೇಖನ ಬಂದಿದ್ದ ಪುಟದಲ್ಲೇ ಹಾಕಿದ್ದೇವೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಲ್ಲ.

ಒಂದು ಸಂಖ್ಯೆಗೆ ಇಷ್ಟು ಮಾತು ಯಾಕೆ ಅಂದರೆ, ಈ ಇಡೀ ಕಥೆ ನಿಂತಿರುವುದೇ ಕಾಗದದ ಮೇಲೆ.

"ಕೆಲವರು ಮಾಡಿದ್ದು" ಅಂದಿದ್ದೀರಿ. ಪೊಳ್ಳು ಮಾತಲ್ಲ ಅದು. ಅಮೆರಿಕದ ಬಿಷಪ್‌ಗಳೇ ಮಾಡಿಸಿದ ಅಧ್ಯಯನವೊಂದು 2004ರಲ್ಲಿ ಬಂತು. 1950ರಿಂದ 2002ರವರೆಗೆ 4,392 ಧರ್ಮಗುರುಗಳ ಮೇಲೆ ಮಕ್ಕಳ ಲೈಂಗಿಕ ದೌರ್ಜನ್ಯದ ಆರೋಪ ಬಂದಿತ್ತು. ಆ ಅವಧಿಯಲ್ಲಿ ಸೇವೆಯಲ್ಲಿದ್ದವರಲ್ಲಿ ಸುಮಾರು ಶೇ. 4. ಅಂದರೆ ನೂರಕ್ಕೆ 96 ಮಂದಿಯ ಮೇಲೆ ದೂರಿಲ್ಲ. ಆದರೆ ಜನಕ್ಕೆ ಸಿಟ್ಟು ಬಂದಿದ್ದು ಆ ನಾಲ್ವರ ಮೇಲೆ ಮಾತ್ರ ಅಲ್ಲ ಟೀಚರ್. ಅವರನ್ನು ಊರಿಂದೂರಿಗೆ ವರ್ಗ ಮಾಡುತ್ತಾ ಬಂದವರ ಮೇಲೆ.

ಬಾಸ್ಟನ್ನಿನ ವಿಷಯವನ್ನೇ ನೋಡಿ. 2002ರ ಜನವರಿಯಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ ಜಾನ್ ಗೇಗನ್ ಅನ್ನುವ ಪಾದ್ರಿಯ ಸುದ್ದಿ ಹೊರಗೆ ಹಾಕಿತು. ಮೂವತ್ತು ವರ್ಷ, ಆರೇಳು ಧರ್ಮಕೇಂದ್ರ, 130ಕ್ಕೂ ಜಾಸ್ತಿ ಜನರ ದೂರು. 1982ರಲ್ಲೇ ಒಬ್ಬ ಹೆಂಗಸು ಆಗ ಅಲ್ಲಿನ ಧರ್ಮಸಭೆಯ ಮುಖ್ಯಸ್ಥರಾಗಿದ್ದ ಕಾರ್ಡಿನಲ್‌ಗೆ ಕಾಗದ ಬರೆದಿದ್ದರು. ತಮ್ಮ ಕುಟುಂಬದ ಏಳು ಹುಡುಗರಿಗೆ ಆತ ಏನು ಮಾಡಿದ ಅಂತ ಅದರಲ್ಲಿತ್ತು. 1984ರಲ್ಲಿ ಸಹಾಯಕ ಬಿಷಪ್ ಒಬ್ಬರು, ಹೊಸದಾಗಿ ಬಂದ ಆರ್ಚ್‌ಬಿಷಪ್ ಬರ್ನಾರ್ಡ್ ಲಾ ಅವರಿಗೆ ಬರೆದು ಎಚ್ಚರಿಸಿದರು. ಎರಡೂ ಕಾಗದ ಫೈಲಿನಲ್ಲಿ ಜೋಪಾನವಾಗಿ ಕೂತವು. ಗೇಗನ್ ಪಾದ್ರಿಯಾಗಿಯೇ ಉಳಿದ. ಫೈಲು ಹೊರಗೆ ಬರಬೇಕಾದರೆ ನ್ಯಾಯಾಲಯದ ಆದೇಶವೇ ಬೇಕಾಯಿತು. ಲಾ 2002ರ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟರು. 2004ರಲ್ಲಿ ಅವರಿಗೆ ರೋಮಿನ ಸಾಂತಾ ಮರಿಯಾ ಮಜೋರೆ ಬೆಸಿಲಿಕಾದ ಮುಖ್ಯಸ್ಥರ ಹುದ್ದೆ ಸಿಕ್ಕಿತು. ಇದನ್ನು ಯಾವ "ಕೆಲವರ" ಲೆಕ್ಕಕ್ಕೆ ಬರೆಯೋಣ?

ಇನ್ನೊಂದು ಗಮನಿಸಿ. ಆ ಎರಡು ಕಾಗದ ಬರೆದವರು ಧರ್ಮದ ವೈರಿಗಳಲ್ಲ, ನಾಸ್ತಿಕರಲ್ಲ. ಒಳಗಿನವರೇ.

ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 489ನೆಯ ವಿಧಿ ಅಂತ ಒಂದಿದೆ. ನನಗೆ ಇದು ಗೊತ್ತಾಗಿದ್ದು ಈಚೆಗೆ, ಓದಿ ದಂಗಾಗಿದ್ದೂ ನಿಜ. ಪ್ರತಿ ಬಿಷಪ್ ಕಚೇರಿಯಲ್ಲಿ ಒಂದು ಗುಟ್ಟಿನ ದಫ್ತರ ಇರಬೇಕು. ಬೇರೆ ಕೋಣೆ ಇಲ್ಲದಿದ್ದರೆ, ಕದಲಿಸಲಾಗದ, ಬೀಗ ಹಾಕಿದ ಬೀರುವಾದರೂ ಇರಬೇಕು. ಕೀಲಿ ಬಿಷಪ್ ಒಬ್ಬರ ಹತ್ತಿರವೇ ಅನ್ನುತ್ತದೆ ಮುಂದಿನ ವಿಧಿ. ನಡತೆಗೆ ಸಂಬಂಧಿಸಿದ ಅಪರಾಧದಲ್ಲಿ ತಪ್ಪಿತಸ್ಥ ಸತ್ತಿದ್ದರೆ, ಇಲ್ಲವೇ ತೀರ್ಪಾಗಿ ಹತ್ತು ವರ್ಷ ಕಳೆದಿದ್ದರೆ, ಆ ಕಾಗದಪತ್ರಗಳನ್ನು ವರ್ಷಕ್ಕೊಮ್ಮೆ ನಾಶ ಮಾಡಬೇಕು. ಪುಟ್ಟ ಸಾರಾಂಶವೂ ತೀರ್ಪಿನ ಪ್ರತಿಯೂ ಉಳಿದರೆ ಸಾಕು. ಇದು ಯಾರೋ ಕೆಟ್ಟ ಮನುಷ್ಯ ಕದ್ದುಮುಚ್ಚಿ ಮಾಡಿದ್ದಲ್ಲ. ನಿಯಮ. ನಮ್ಮ ಲೇಖನ ಬೆರಳು ತೋರಿಸಿದ್ದು ಇಂಥದ್ದರ ಕಡೆಗೆ, ನಿಮ್ಮ ಜಪಮಾಲೆಯ ಕಡೆಗಲ್ಲ.

"ಎಲ್ಲ ಕಡೆ ಇಲ್ಲವಾ" ಅನ್ನುವ ಪ್ರಶ್ನೆಗೆ ಫ್ರಾನ್ಸಿನಲ್ಲಿ ಉತ್ತರ ಹುಡುಕಿದ್ದಾರೆ. ಅಲ್ಲಿನ ಬಿಷಪ್‌ಗಳೇ ಕೇಳಿಕೊಂಡು ಮಾಡಿಸಿದ ಸೋವೆ ಆಯೋಗದ ವರದಿ 2021ರಲ್ಲಿ ಬಂತು. 1950ರಿಂದ ಈಚೆಗೆ ಪಾದ್ರಿಗಳು ಮತ್ತು ಸನ್ಯಾಸಿಗಳಿಂದ ದೌರ್ಜನ್ಯಕ್ಕೆ ಒಳಗಾದವರು ಸುಮಾರು 2,16,000 ಅಂತ ಅದರ ಅಂದಾಜು. ಅತಿ ಹೆಚ್ಚು ನಡೆಯುವುದು ಮನೆಯವರಿಂದ, ಮನೆಗೆ ಬಂದುಹೋಗುವವರಿಂದ ಅಂತಲೂ ಅದೇ ವರದಿ ಹೇಳಿತು. ಅದಾದ ಮೇಲಿನ ಜಾಗ ಧರ್ಮಸಭೆಯದ್ದು, ಸರ್ಕಾರಿ ಶಾಲೆಗಳಿಗಿಂತ ಮೇಲೆ. ನಿಮ್ಮ ಮಾತು ಅರ್ಧ ನಿಜ ಅಂದ ಹಾಗಾಯಿತು.

ಈಗ ನಿಮ್ಮ ಪರವಾಗಿ ವಾದ ಮಾಡುತ್ತೇನೆ. ಆದರೆ ನಿಮ್ಮ ಪಟ್ಟಿಯಿಂದಲ್ಲ. 1880ರಲ್ಲಿ ಶುರುವಾದ ಸೇಂಟ್ ಅಲೋಶಿಯಸ್ ಕಾಲೇಜು, ಅದೇ ವರ್ಷದ ಫಾದರ್ ಮುಲ್ಲರ್ ಆಸ್ಪತ್ರೆ ಕರಾವಳಿಗೆ ಏನು ಕೊಟ್ಟಿವೆ ಅಂತ ಅಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಗೆಲಿಲಿಯೋನನ್ನು ಮನೆಯಲ್ಲಿ ಕೂಡಿಹಾಕಿದ ಧರ್ಮಸಭೆಯಿಂದಲೇ ಬಟಾಣಿ ಬೆಳೆದು ವಂಶವಾಹಿಯ ಲೆಕ್ಕ ಬಿಡಿಸಿದ ಮೆಂಡೆಲ್ ಬಂದರು, ವಿಶ್ವ ಹಿಗ್ಗುತ್ತಿದೆ ಎಂದ ಪಾದ್ರಿ ಲೆಮೇತ್ರ್ ಬಂದರು ಅನ್ನುವುದೂ ನಿಜ. ಆದರೆ ಒಳ್ಳೆಯದನ್ನು ಒಂದು ತಟ್ಟೆಗೆ, ಕೆಟ್ಟದ್ದನ್ನು ಇನ್ನೊಂದು ತಟ್ಟೆಗೆ ಹಾಕಿ ತೂಗುವ ತಕ್ಕಡಿ ನನಗೆ ಒಗ್ಗುವುದಿಲ್ಲ. ನಡುರಾತ್ರಿ ಎದ್ದು ಹೆರಿಗೆ ಮಾಡಿಸಿದ ಸಿಸ್ಟರ್ ಬಾಸ್ಟನ್ನಿನವರ ಸಾಲ ಯಾಕೆ ತೀರಿಸಬೇಕು?

ನಾನು ಹೇಳುವುದು ಚಿಲಿ ದೇಶದ ಕಥೆ. 1973ರಲ್ಲಿ ಅಲ್ಲಿ ಪಿನೊಚೆ ಅನ್ನುವ ಸೇನಾಧಿಕಾರಿ ಅಧಿಕಾರ ಕಿತ್ತುಕೊಂಡ. ಸೇನೆಯವರು ಮನೆಯಿಂದ ಎತ್ತಿಹಾಕಿಕೊಂಡು ಹೋದ ಜನ ವಾಪಸು ಬರುತ್ತಿರಲಿಲ್ಲ. ಅವರ ಮನೆಯವರಿಗೆ ನೆರವಾಗಲು ಬೇರೆ ಬೇರೆ ಧರ್ಮದವರು ಸೇರಿ ಒಂದು ಸಮಿತಿ ಮಾಡಿದರು. 1975ರ ಕೊನೆಗೆ ಪಿನೊಚೆ ಅದನ್ನು ಮುಚ್ಚಿಸಿದ. 1976ರ ಜನವರಿಯಲ್ಲಿ ಸಾಂಟಿಯಾಗೋದ ಕಾರ್ಡಿನಲ್ ರೌಲ್ ಸಿಲ್ವಾ ಅದೇ ಕೆಲಸಕ್ಕೆ ತಮ್ಮ ಧರ್ಮಪ್ರಾಂತ್ಯದ ಒಳಗೇ ಒಂದು ಕಚೇರಿ ತೆರೆದರು. ಈಗ ಮುಚ್ಚಿಸು ನೋಡೋಣ ಅನ್ನುವ ಹಾಗೆ! ಸಂಘ ಮುಚ್ಚಿಸುವುದು ಸರ್ವಾಧಿಕಾರಿಗೆ ಸುಲಭ. ಬಿಷಪ್ ಕಚೇರಿ ಮುಚ್ಚಿಸುವುದು ಕಷ್ಟ. ಅದರ ಬೇರು ರೋಮಿನವರೆಗೆ ಇರುತ್ತದೆ.

ಆ ಕಚೇರಿಯಲ್ಲಿ ಏನು ಮಾಡಿದರು? ಬರೆದುಕೊಂಡರು. ಯಾರನ್ನು, ಯಾವತ್ತು, ಎಲ್ಲಿಂದ ಹಿಡಿದುಕೊಂಡು ಹೋದರು, ನೋಡಿದವರು ಯಾರು. ಕೋರ್ಟಿಗೆ ಅರ್ಜಿ ಹಾಕಿದರು. ಕೋರ್ಟು ಬಹುಪಾಲು ತಳ್ಳಿಹಾಕಿತು. ಪ್ರತಿ ಮಾತ್ರ ಇಟ್ಟುಕೊಂಡರು. ಅಲ್ಲಿ ದುಡಿದವರಲ್ಲಿ ದೇವರನ್ನು ನಂಬದ ವಕೀಲರೂ ಇದ್ದರು. 1990ರಲ್ಲಿ ಪ್ರಜಾಪ್ರಭುತ್ವ ಬಂದು ಸತ್ಯಶೋಧನಾ ಆಯೋಗ ಕೂತಾಗ ಅದರ ಕೈಗೆ ಸಿಕ್ಕಿದ್ದು ಈ ಫೈಲುಗಳೇ. ಮುಂದೆ ವಿಚಾರಣೆಗಳಲ್ಲೂ ಅವೇ ಸಾಕ್ಷಿಯಾದವು.

ನೋಡಿ, ಬಾಸ್ಟನ್ನಿನಲ್ಲೂ ಫೈಲು, ಸಾಂಟಿಯಾಗೋದಲ್ಲೂ ಫೈಲು. ಎಲ್ಲವನ್ನೂ ಬರೆದಿಡುವ, ಮೇಲಿನವರ ಮಾತು ಕೇಳುವ, ನೂರಾರು ವರ್ಷ ಉಳಿಯುವ ಅದೇ ಗುಣ ಒಂದು ಕಡೆ ಮಕ್ಕಳನ್ನು ನುಂಗಿತು, ಇನ್ನೊಂದು ಕಡೆ ಕಾಣೆಯಾದವರ ಹೆಸರು ಉಳಿಸಿತು. ಚಿಲಿಯ ಬೆಟ್ಟ ದಾಟಿದರೆ ಅರ್ಜೆಂಟೀನಾ. ಅಲ್ಲಿ ಪೊಲೀಸರ ಪಾದ್ರಿಯಾಗಿದ್ದ ಫೋನ್ ವೆರ್ನಿಖ್‌ಗೆ 2007ರಲ್ಲಿ ಜೀವಾವಧಿ ಶಿಕ್ಷೆ ಆಯಿತು. ಸೇನಾ ಆಡಳಿತದ ಕಾಲದ ಕೊಲೆ, ಅಪಹರಣ, ಚಿತ್ರಹಿಂಸೆಯಲ್ಲಿ ಪಾಲುದಾರನಾಗಿದ್ದಕ್ಕೆ. ಅದೇ ಧರ್ಮಸಭೆ, ಅದೇ ಬಲಿಪೂಜೆ, ಪಕ್ಕದ ದೇಶ.

ನಿಮ್ಮ ಕಾಗದ ಬಂದ ದಿನವೇ ಹುಬ್ಬಳ್ಳಿಯಿಂದ ಒಂದು ಕಾರ್ಡೂ ಬಂತು. ಒಂದೇ ಸಾಲು: "ದೇವರು ಇರಲಿ, ದಲ್ಲಾಳಿ ಬೇಡ." ಚೆನ್ನಾಗಿದೆ. ಇಪ್ಪತ್ತೈದನೇ ವಯಸ್ಸಿನಲ್ಲಿ ನಾನೂ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ದಲ್ಲಾಳಿ ಇಲ್ಲದ ಕಡೆ ಒಬ್ಬಂಟಿ ಬಾಬಾ ಇರುತ್ತಾನೆ. ಅವನಿಗೆ ರಿಜಿಸ್ಟರ್ ಇಲ್ಲ, ಮೇಲಧಿಕಾರಿ ಇಲ್ಲ. ಸತ್ತರೆ ಕೇಳುವುದು ಯಾರನ್ನು? ಟೂಅಮ್ ಆಶ್ರಮ ಮುಚ್ಚಿದ್ದು 1961ರಲ್ಲಿ. ಅದನ್ನು ನಡೆಸಿದ ಬಾನ್ ಸೆಕೂರ್ ಸಿಸ್ಟರ್‌ಗಳ ಸಂಸ್ಥೆ ಕ್ಷಮೆ ಕೇಳಿದ್ದು 2021ರ ಜನವರಿಯಲ್ಲಿ. ಅರವತ್ತು ವರ್ಷ ತಡ, ಒಪ್ಪುತ್ತೇನೆ. ಆದರೆ ಅರವತ್ತು ವರ್ಷದ ಮೇಲೂ ಬಾಗಿಲು ತಟ್ಟಿ ಕೇಳುವುದಕ್ಕೆ ಒಂದು ವಿಳಾಸ ಇತ್ತು, ಅಲ್ವಾ?

ಬದಲಾವಣೆ ಆಗಿಯೇ ಇಲ್ಲ ಅಂತಲೂ ಹೇಳುವುದಿಲ್ಲ. 2019ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಈ ಬಗೆಯ ಪ್ರಕರಣಗಳ ಮೇಲಿದ್ದ 'ಪೋಪರ ರಹಸ್ಯ' ಅನ್ನುವ ಗುಟ್ಟಿನ ಕಟ್ಟನ್ನು ತೆಗೆದುಹಾಕಿದರು. ಅದೇ ವರ್ಷದ ಮೇ ತಿಂಗಳ ಆಜ್ಞೆಯ ಪ್ರಕಾರ ಗುರುಗಳು, ಸಿಸ್ಟರ್‌ಗಳು ಗೊತ್ತಾದದ್ದನ್ನು ಮೇಲಿನವರಿಗೆ ತಿಳಿಸಲೇಬೇಕು. ಮೇಲಿನವರಿಗೆ! ಪೊಲೀಸರಿಗೆ ಹೇಳುವುದನ್ನು ಆಯಾ ದೇಶದ ಕಾನೂನಿಗೆ ಬಿಟ್ಟಿದ್ದಾರೆ. ನಮ್ಮ ದೇಶದಲ್ಲಿ ಆ ಕಾನೂನು ಇದೆ. 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಂ ಪ್ರಕಾರ ಗೊತ್ತಿದ್ದವರು ಯಾರೇ ಆಗಲಿ ಪೊಲೀಸರಿಗೆ ಹೇಳಬೇಕು. ಇಗರ್ಜಿಗೂ ಅದೇ, ಮಠಕ್ಕೂ ಅದೇ, ಮದರಸಾಕ್ಕೂ ಅದೇ.

ಉಳಿದಿದ್ದು ನಿಮ್ಮ ಕೊನೆಯ ಪ್ರಶ್ನೆ. ಇದಕ್ಕೆ ನನ್ನ ಹತ್ತಿರ ಚೊಕ್ಕ ಉತ್ತರ ಇಲ್ಲ. ಐರ್ಲೆಂಡಿನಲ್ಲಿ ಧರ್ಮಸಭೆ ಅಂದರೆ ದೊಡ್ಡ ಮರ, ಸರ್ಕಾರವೇ ಅದರ ನೆರಳಲ್ಲಿತ್ತು. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ಅಲ್ಲಿ ಬರೆದರೆ ಬಲವಿರುವವರನ್ನು ಕೇಳಿದ ಹಾಗಾಗುವ ವಾಕ್ಯ, ಇಲ್ಲಿ ಬರೆದರೆ ಬೆದರಿದವರನ್ನು ಇನ್ನಷ್ಟು ಬೆದರಿಸಿದ ಹಾಗಾಗಬಹುದು. ಇದು ನಮಗೆ ಹೊಳೆಯಬೇಕಿತ್ತು. "ಇಗರ್ಜಿಯೊಳಗಿನ ಸಮಾಧಿ" ಅಂತ ಕೊಟ್ಟ ತಲೆಬರಹ ಸುಮ್ನೆ ಕಣ್ಣು ಸೆಳೆಯುವುದಕ್ಕೆ ಮಾಡಿದ್ದು, ಸಮಾಧಿ ಇದ್ದಿದ್ದು ಇಗರ್ಜಿಯಲ್ಲೂ ಅಲ್ಲ. ಅದಕ್ಕೆ ಕ್ಷಮೆ ಇರಲಿ. ಲೇಖನಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಕಲ್ಲು ಎಸೆಯುವವನು ನಮ್ಮ ಪತ್ರಿಕೆ ಓದಿ ಎಸೆಯುವುದಿಲ್ಲ. ಕಲ್ಲಿನ ಭಯಕ್ಕೆ ನಾವು ಬಾಯಿ ಮುಚ್ಚಿದರೆ, ಮನೆಯೊಳಗೆ ಪೆಟ್ಟು ತಿಂದ ಮಗುವೂ ಬಾಯಿ ಮುಚ್ಚಬೇಕಾಗುತ್ತದೆ.

ನಿಮ್ಮ ಪೂರ್ತಿ ಕಾಗದ ಮುಂದಿನ ಸಂಚಿಕೆಯಲ್ಲಿ ಬರುತ್ತದೆ, ಒಂದಕ್ಷರವೂ ಕತ್ತರಿಸದೆ. ಅದಕ್ಕೆ ಮುಂಚೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಮುಂದಿನ ಭಾನುವಾರ ಪೂಜೆಗೆ ಹೋದಾಗ ನೋಟೀಸ್ ಬೋರ್ಡ್ ನೋಡಿ. ಮಗುವಿಗೆ ಏನಾದರೂ ಆದರೆ ಯಾರಿಗೆ ಹೇಳಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಅಲ್ಲಿ ಬರೆದಿದ್ದಾರಾ? ಬರೆದಿದ್ದರೆ ಫೋಟೋ ತೆಗೆದು ಕಳಿಸಿ, ನಿಮ್ಮ ಕಾಗದದ ಪಕ್ಕದಲ್ಲೇ ಹಾಕುತ್ತೇವೆ. ಇಲ್ಲದಿದ್ದರೆ ಫಾದರ್‌ಗೆ ಒಂದು ಕಾಗದ ಬರೆಯಿರಿ. ನಿಮ್ಮ ಆ ಕೆಂಪು ಶಾಯಿ ಇನ್ನೂ ಮುಗಿದಿಲ್ಲ ಅಂದುಕೊಂಡಿದ್ದೇನೆ.

ಸಂಪಾದಕ