ಪರ್ಷಿಯನ್ ಮಾತಿನ ಸಿನಿಮಾ ಜರ್ಮನಿಯದ್ದು ಹೇಗೆ?

2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿದ್ದ 'ದಿ ಸೀಡ್ ಆಫ್ ದಿ ಸೇಕ್ರೆಡ್ ಫಿಗ್' ಪೂರ್ತಿ ಇರಾನಿನ ಕಥೆ, ಮತ್ತೆ ಜರ್ಮನಿ ಹೆಸರು ಯಾಕೆ ಅಂತ ಕೇಳಿದ್ದೀರಿ. ಭಾಷೆ ನೋಡಿ ಅಲ್ಲ, ದುಡ್ಡು ಮತ್ತು ಕೆಲಸ ಎಲ್ಲಿಯದು ಅಂತ ನೋಡಿ ದೇಶದ ಹೆಸರು ಹಾಕುತ್ತಾರೆ. ಇದು ಜರ್ಮನಿ, ಫ್ರಾನ್ಸ್ ಜೊತೆ ಸೇರಿ ಮಾಡಿದ ಚಿತ್ರ. ಶೂಟಿಂಗ್ ಇರಾನಿನಲ್ಲಿ, ಕದ್ದುಮುಚ್ಚಿ. ಎಡಿಟಿಂಗ್ ಹ್ಯಾಂಬರ್ಗ್‌ನಲ್ಲಿ.

ನಿರ್ದೇಶಕ ಮೊಹಮ್ಮದ್ ರಸೂಲೊಫ್‌ಗೆ ಎಂಟು ವರ್ಷ ಜೈಲು ಶಿಕ್ಷೆಯಾಗಿತ್ತು. ಬೆಟ್ಟ ಹತ್ತಿಳಿದು ದೇಶ ಬಿಟ್ಟು ಜರ್ಮನಿ ಸೇರಿದರು. ಕಾನ್‌ನ ರೆಡ್ ಕಾರ್ಪೆಟ್ ಮೇಲೆ, ಇರಾನಿನಲ್ಲೇ ಉಳಿದ ಇಬ್ಬರು ನಟರ ಫೋಟೋ ಎತ್ತಿ ಹಿಡಿದಿದ್ದರು. ನನಗೆ ಚಿತ್ರಕ್ಕೆ ಅಲ್ಲಿ ಸಿಕ್ಕ ಪ್ರಶಸ್ತಿಗಿಂತ ಅದೇ ಜಾಸ್ತಿ ನೆನಪಿದೆ.

ಆಸ್ಕರ್‌ಗೂ ಇದನ್ನು ಕಳಿಸಿದ್ದು ಜರ್ಮನಿಯೇ. ಇರಾನ್ ಕಳಿಸುತ್ತಿತ್ತಾ? ಸುಮ್ನೆ ಮಾತು!