ವಿಮಾನ ಸಂಚಾರ ನಿಯಂತ್ರಿಸುವ ಕಂಟ್ರೋಲರ್ ಹೊರಡಲು ಅನುಮತಿ ಕೊಟ್ಟ ಮೇಲೂ ಸಣ್ಣ ವಿಮಾನದ ಪೈಲಟ್ ಗುಡ್ಡದ ಬಗ್ಗೆ ಏಕೆ ಯೋಚಿಸಬೇಕು?

ಏಕೆಂದರೆ ಆ ಅನುಮತಿ ಕಾಯುವುದು ಬೇರೆ ವಿಮಾನಗಳೊಂದಿಗಿನ ಅಂತರವನ್ನು, ಗುಡ್ಡದೊಂದಿಗಿನ ಅಂತರವನ್ನಲ್ಲ. ಅಮೆರಿಕದ ಪದ್ಧತಿಯಲ್ಲಿ, ಉಪಕರಣಗಳನ್ನು ನಂಬಿ ಹಾರುವ ಐಎಫ್‌ಆರ್ ವಿಮಾನ ನೆಲ ಬಿಟ್ಟ ಮೇಲೆ ಕಂಟ್ರೋಲರ್ ರೇಡಾರ್ ನೋಡಿ ದಿಕ್ಕು ಹೇಳತೊಡಗುವವರೆಗೆ, ಗುಡ್ಡ ಗೋಪುರಗಳನ್ನು ತಪ್ಪಿಸುವ ಹೊಣೆ ಪೈಲಟ್‌ನದೇ.

ನಿರ್ಗಮನ ಮಾರ್ಗ ರೂಪಿಸುವವರು ಮೂರು ಸಂಗತಿಗಳನ್ನು ಊಹಿಸಿಕೊಂಡಿರುತ್ತಾರೆ: ವಿಮಾನ ರನ್‌ವೇ ತುದಿಯನ್ನು ಕನಿಷ್ಠ 35 ಅಡಿ ಎತ್ತರದಲ್ಲಿ ದಾಟುತ್ತದೆ, 400 ಅಡಿ ಏರುವ ಮುನ್ನ ತಿರುಗುವುದಿಲ್ಲ, ಪ್ರತಿ ನಾಟಿಕಲ್ ಮೈಲಿಗೆ 200 ಅಡಿ ಏರುತ್ತದೆ. ಗುಡ್ಡ ಗೋಪುರಗಳು ಮೀರಬಾರದೆಂದು ಎಳೆದ ಕಾಲ್ಪನಿಕ ಇಳಿಜಾರು ಮೈಲಿಗೆ 152 ಅಡಿ ಏರುತ್ತದೆ. ಉಳಿಯುವ ಅಂತರ ಮೈಲಿಗೆ ಬರೀ 48 ಅಡಿ!

ಎಡವಟ್ಟಾಗುವುದು ಇಲ್ಲಿ. ಲೆಕ್ಕ ಇರುವುದು ಮೈಲಿಗೆ. ಕಾಕ್‌ಪಿಟ್‌ನ ಮುಳ್ಳು ತೋರಿಸುವುದು ನಿಮಿಷಕ್ಕೆ. ನೆಲಕ್ಕೆ ಹೋಲಿಸಿದ ವೇಗ 90 ನಾಟ್ (ಗಂಟೆಗೆ 90 ನಾಟಿಕಲ್ ಮೈಲಿ) ಇದ್ದರೆ ನಿಮಿಷಕ್ಕೆ 300 ಅಡಿ ಏರಿದರೆ ಸಾಕು. ಹಿಂದಿನಿಂದ ಗಾಳಿ ತಳ್ಳಿ ಅದು 120 ಆದರೆ 400 ಅಡಿ ಬೇಕು. ಬಿಸಿಲಿನ ದಿನ, ಎತ್ತರದ ವಿಮಾನ ನಿಲ್ದಾಣ, ತುಂಬಿದ ಸೀಟುಗಳು: ಸಣ್ಣ ಎಂಜಿನ್‌ಗೆ ಅಷ್ಟೂ ಕಷ್ಟವಾಗಬಹುದು.

ಗುಡ್ಡ ಆ ಇಳಿಜಾರನ್ನು ಮೀರಿ ತಲೆಯೆತ್ತಿರುವ ಕಡೆ, ಹೆಚ್ಚು ಕಡಿದಾಗಿ ಏರಬೇಕೆಂದೋ ಇಂಥ ದಾರಿಯಲ್ಲೇ ಹೋಗಬೇಕೆಂದೋ ಹೇಳುವ ನಿರ್ಗಮನ ವಿಧಾನವನ್ನು ಪ್ರಕಟಿಸಿರುತ್ತಾರೆ. ಕಂಟ್ರೋಲರ್ ಅದನ್ನು ಹೇಳದೆಯೂ ಇರಬಹುದು. ಪೈಲಟ್ ತಾನೇ ಹುಡುಕಿ ಓದಿಕೊಳ್ಳಬೇಕು. ಖಾಸಗಿ ಹಾರಾಟಕ್ಕೆ ಆ ವಿಧಾನ ಸಾಮಾನ್ಯವಾಗಿ ಕಡ್ಡಾಯವಲ್ಲ, ಆದರೆ ಮೋಡದಲ್ಲಿ ಅದನ್ನು ಬಿಟ್ಟು ಹೊರಡುವುದು ಶುದ್ಧ ಹುಂಬತನ.